ಪುಳಕದ ಅಳತೆಗೋಲು

ಮೈಸೂರಿನ ಯಾದವಗಿರಿಯಲ್ಲಿದ್ದ ‘ಸುಳಿಗಾಳಿ’ ವಾರಪತ್ರಿಕೆಯ ಕಚೇರಿಯಲ್ಲಿ ಆ ಬೆಳಿಗ್ಗೆ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಯ ತೀರ್ಪು ನಡೆಯುತ್ತಿತ್ತು. ನಡೆಯುತ್ತಿತ್ತು ಅನ್ನುವುದೂ ದೊಡ್ಡ ಮಾತೇ. ಮೇಜಿನ ಮೇಲೆ ಊಟದ ಡಬ್ಬಿಯಷ್ಟು ಗಾತ್ರದ ಪುಳಕಮಾಪಕ ಸದ್ದಿಲ್ಲದೆ ಕೂತಿತ್ತು. ನಾಡಿನ ಮೂಲೆಮೂಲೆಯಿಂದ ಬಂದ ಸಾವಿರಾರು ಕತೆಗಳನ್ನು ಅದು ಓದಿ, ಅದ್ಭುತ, ಶೃಂಗಾರ, ಭಯಾನಕ ಎಂದು ವಿಂಗಡಿಸಿ, ಒಂದೊಂದಕ್ಕೂ ಅಂಕ ಹಾಕಿ ಮುಗಿಸಿದಾಗ ಸಂಪಾದಕಿ ಧನ್ವಿಯ ಕಾಫಿ ಇನ್ನೂ ಬಿಸಿಯಾಗಿತ್ತು.

ಯಂತ್ರದ ಗುಟ್ಟು ಸರಳ. ಕತೆ ಓದುವಾಗ ಮನಸ್ಸಿನಲ್ಲಿ ಏನಾಗುತ್ತದೆ ಎಂದು ಹೇಳುವುದು ಕಷ್ಟ. ಮೈ ಮಾತ್ರ ಮುಚ್ಚಿಡಲು ಬಾರದ ಪ್ರಾಣಿ. ನಾಡಿ ಓಡುತ್ತದೆ, ಅಂಗೈ ಬೆವರುತ್ತದೆ, ತೋಳಿನ ರೋಮ ಏಳುತ್ತದೆ. ಯಾವ ವಾಕ್ಯಕ್ಕೆ ಓದುಗರ ಮೈ ಎಷ್ಟು ಸ್ಪಂದಿಸೀತು ಎಂದು ಪುಳಕಮಾಪಕ ಮೊದಲೇ ಲೆಕ್ಕ ಹಾಕುತ್ತದೆ. ಆ ಅಳತೆಯ ಮಾನಕ್ಕೂ ‘ಪುಳಕ’ ಎಂದೇ ಹೆಸರು. ಎಪ್ಪತ್ತು ಪುಳಕ ದಾಟಿದರೆ ಬಹುಮಾನದ ಆಸೆ ಇಟ್ಟುಕೊಳ್ಳಬಹುದು, ಮೂವತ್ತರ ಕೆಳಗಿದ್ದರೆ ಕಸದ ಬುಟ್ಟಿ. ಕತೆಗಾರರೇನು ಕಡಿಮೆಯವರೇ? ಮನೆಯಲ್ಲೇ ಫೋನಿನಲ್ಲಿ ಅಳೆದು, ತಿದ್ದಿ, ಮತ್ತೆ ಅಳೆದು, ಅಂಕ ಏರಿದ ಮೇಲೆಯೇ ಕಳಿಸುತ್ತಿದ್ದರು.

ಆದರೂ ಪತ್ರಿಕೆಯ ಒಂದು ಹಳೆಯ ಪದ್ಧತಿ ಉಳಿದುಕೊಂಡಿತ್ತು. ಗೆದ್ದ ಕತೆಗಳ ಜೊತೆ ‘ತೀರ್ಪುಗಾರರ ಮಾತು’ ಅಚ್ಚಾಗಬೇಕು, ಪಕ್ಕದಲ್ಲಿ ಅವರ ಫೋಟೋ ಇರಬೇಕು. ಅದಕ್ಕಾಗಿ ಪ್ರತಿವರ್ಷ ಸಿಂಚನಾ ಬರುತ್ತಿದ್ದಳು. ಅರವತ್ತು ದಾಟಿದ ಸಿಂಚನಾ ಒಂದು ಕಾಲಕ್ಕೆ ಸ್ಪರ್ಧೆಯ ಕತೆಗಳನ್ನೆಲ್ಲ ಒಬ್ಬಳೇ ಓದುತ್ತಿದ್ದವಳು. ಯಂತ್ರ ಕಲಿತದ್ದೂ ಅವಳಿಂದಲೇ. ಹನ್ನೆರಡು ವರ್ಷದ ಹಿಂದೆ ವಿಜ್ಞಾನಿ ಅದ್ವಿಕ್ ಅವಳ ಮಣಿಕಟ್ಟಿಗೆ ತೆಳ್ಳನೆಯ ಪಟ್ಟಿ ಕಟ್ಟಿ, ಆ ವರ್ಷದ ಕತೆಗಳನ್ನು ಓದುವಾಗ ಅವಳ ಮೈಯಲ್ಲಾದದ್ದನ್ನೆಲ್ಲ ದಾಖಲಿಸಿಕೊಂಡಿದ್ದ. ಇವರಷ್ಟು ಮನಸ್ಸಿಟ್ಟು ಓದುವವರು ಇನ್ನೊಬ್ಬರಿಲ್ಲ ಎಂದು ಆಗಿನ ಸಂಪಾದಕರು ಶಿಫಾರಸು ಮಾಡಿದ್ದರು.

“ಆಂಟಿ, ಗೆದ್ದಿರೋ ಮೂರೂ ಕತೆ ನೀವು ಓದ್ಲೇಬೇಕು ಅಂತೇನಿಲ್ಲ,” ಅಂದಳು ಧನ್ವಿ. “ಸಾರಾಂಶ ಕೊಡ್ತೀನಿ. ನಾಲ್ಕು ಒಳ್ಳೆ ಮಾತು ಬರ್ಕೊಡಿ, ಸಾಕು.”

“ಹೋದ ವರ್ಷಾನೂ ಹಾಗೇ ಮಾಡಿಸ್ದೆ. ಈ ಸಲ ಓದ್ತೀನಿ ಕಣೆ. ಗಟ್ಟಿಯಾಗಿ ಓದ್ತೀನಿ, ನೀನೂ ಕೇಳು.”

ಗಟ್ಟಿಯಾಗಿ ಓದುವುದು ಅವಳ ಹಳೆಯ ರೂಢಿ. ಗಂಡ ತೇಜಸ್‌ಗೆ ಓದಿ ಹೇಳದೆ ಅವಳು ಯಾವ ಕತೆಗೂ ತೀರ್ಪು ಕೊಟ್ಟವಳಲ್ಲ. ಅವನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ದೆವ್ವದ ಕತೆಗೆ ನಕ್ಕುಬಿಡುತ್ತಿದ್ದ, ಪ್ರೇಮದ ಕತೆಯ ನಾಯಕನಿಗೆ “ಎರಡು ಬಿಗೀಬೇಕು ಇವನಿಗೆ” ಅನ್ನುತ್ತಿದ್ದ. ಅವನು ಹೋದ ಮೇಲೆ ಅವಳು ಗಟ್ಟಿಯಾಗಿ ಏನನ್ನೂ ಓದಿರಲಿಲ್ಲ.

ಮೊದಲನೆಯದು ಅದ್ಭುತ. ಮೋಡದೊಳಗಿನ ಪಟ್ಟಣಕ್ಕೆ ಹಾರುವ ಹಡಗಿನ ಕತೆ. ಹಡಗು ಏರುತ್ತ ಹೋದಂತೆ ವಾಕ್ಯಗಳು ಉದ್ದವಾಗುತ್ತವೆ, ಆಮೇಲೆ ಗಿಡ್ಡವಾಗುತ್ತವೆ, ಆಮೇಲೆ ಹಡಗು ಗಾಳಿಯಲ್ಲಿ ಸುಮ್ಮನೆ ನಿಂತುಬಿಡುತ್ತದೆ. ಏನೂ ಆಗುವುದಿಲ್ಲ. ಮತ್ತೆ ಏರತೊಡಗುತ್ತದೆ. ಎರಡನೆಯದು ಶೃಂಗಾರ. ಹುಡುಗ ಮಾತಾಡುತ್ತ ಮಾತಾಡುತ್ತ ಸುಮ್ಮನಾಗುತ್ತಾನೆ, ಹುಡುಗಿ ಕಾಯುತ್ತಾಳೆ, ಅವನು ಮತ್ತೆ ಶುರುಮಾಡುತ್ತಾನೆ. ಮೂರನೆಯ ಕತೆಯಲ್ಲಿ ಅಟ್ಟದ ಮೇಲಿನ ಹೆಜ್ಜೆ ಸದ್ದು ಕೂಡ ಹಾಗೆಯೇ ನಿಂತು ನಿಂತು ಬರುತ್ತಿತ್ತು. ಮೂರೂ ಮುಗಿಯುವ ರೀತಿ ಒಂದೇ: ಕೊನೆಯ ಸಲ ನಿಂತದ್ದು ಮತ್ತೆ ಶುರುವಾಗುವುದಿಲ್ಲ.

ಅಲ್ಲಿಗೆ ಬರುವ ಹೊತ್ತಿಗೆ ಸಿಂಚನಾ ಹಾಳೆಗಳನ್ನು ಮೇಜಿನ ಮೇಲಿಟ್ಟಳು. ಈ ಏರಿಳಿತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸಾವು ಹತ್ತಿರವಾದ ಕೆಲವರ ಉಸಿರು ಹೀಗೆಯೇ ಏರಿ, ಇಳಿದು, ಸ್ವಲ್ಪ ಹೊತ್ತು ಪೂರ್ತಿ ನಿಂತು, ಮತ್ತೆ ಶುರುವಾಗುತ್ತದೆ; ವೈದ್ಯರಿಗೆ ಇದು ಪರಿಚಿತ ಲಕ್ಷಣ. ಯಂತ್ರ ಕಲಿತ ಆ ವರ್ಷ ತೇಜಸ್ ಮನೆಯ ಮಂಚದ ಮೇಲೆ ಹಾಗೆ ಉಸಿರಾಡುತ್ತ ಮಲಗಿದ್ದ. ಅವನು ಕೇಳಿಸಿಕೊಳ್ಳುತ್ತಿದ್ದಾನೆಂಬ ನಂಬಿಕೆಯಿಂದ ಅವಳು ಪಕ್ಕದಲ್ಲಿ ಕೂತು ಸ್ಪರ್ಧೆಯ ಕತೆಗಳನ್ನು ಓದುತ್ತಿದ್ದಳು. ಕಣ್ಣು ಕತೆಯ ಮೇಲೆ, ಕಿವಿ ಅವನ ಉಸಿರಿನ ಮೇಲೆ. ಉಸಿರು ನಿಂತಾಗಲೆಲ್ಲ ಅವಳ ಎದೆ ಧಸಕ್ಕೆನ್ನುತ್ತಿತ್ತು, ಮೈಯ ರೋಮವೆಲ್ಲ ಏಳುತ್ತಿತ್ತು. ಮಣಿಕಟ್ಟಿನಲ್ಲಿ ಅದ್ವಿಕ್ ಕಟ್ಟಿದ ಪಟ್ಟಿಯಿತ್ತು.

“ಯಾಕಾಂಟಿ, ಚೆನ್ನಾಗಿಲ್ವಾ?”

“ಇದು ಕತೆ ಅಲ್ಲ ಕಣೆ ಧನ್ವಿ. ಇದು ನಮ್ಮನೆಯವ್ರು.”

ಅಂದೇ ಮಧ್ಯಾಹ್ನ ಅವಳು ಊರಾಚೆಯ ಪ್ರಯೋಗಾಲಯಕ್ಕೆ ಹೋದಳು. ಅದ್ವಿಕ್ ಒಳ್ಳೆಯ ಮನುಷ್ಯ. ನಗಲಿಲ್ಲ, ವಾದಿಸಲಿಲ್ಲ. ಹಳೆಯ ದಾಖಲೆ ತೆಗೆದು ಅವಳ ನಾಡಿಯ ಗೆರೆಯನ್ನು ಪರದೆಯ ಮೇಲೆ ಹರಡಿದ. ಕತೆ ಯಾವುದೇ ಇರಲಿ, ಗೆರೆ ಅದೇ ಅಂತರದಲ್ಲಿ ಚಿಮ್ಮಿತ್ತು. ಚಿಮ್ಮಿದ್ದಕ್ಕೆ ಕತೆಯ ಮಾತುಗಳಲ್ಲಿ ಕಾರಣ ಸಿಗದೆ, ಯಂತ್ರ ಆ ಅಂತರವನ್ನೇ ಒಳ್ಳೆಯ ಕತೆಯ ಲಕ್ಷಣವೆಂದು ಹಿಡಿದುಕೊಂಡಿತ್ತು. ಅಕಸ್ಮಾತ್ ಅದಕ್ಕೆ ಹೊಂದಿದ ಕತೆಗಳು ಮೊದಲ ವರ್ಷ ಗೆದ್ದವು. ಗೆದ್ದದ್ದನ್ನು ನೋಡಿ ಮಿಕ್ಕವರೂ ಹಾಗೆಯೇ ಬರೆಯತೊಡಗಿದರು.

“ಓದುವಾಗ ಪಕ್ಕದಲ್ಲಿ ಯಾರಿದ್ದಾರೆ ಅಂತ ನಾನು ಕೇಳ್ಲೇ ಇಲ್ಲ ಮೇಡಂ,” ಅಂದ ಅದ್ವಿಕ್. “ಕತೆ ಓದೋರು ಬರೀ ಕತೆ ಓದ್ತಾರೆ ಅಂದ್ಕೊಂಡಿದ್ದೆ.”

“ಅಳಿಸಿಬಿಡಿ. ನಮ್ಮನೆಯವ್ರದ್ದು ಅಂತ ನನ್ನ ಹತ್ರ ಉಳ್ದಿರೋದು ಆ ಉಸಿರಿನ ನೆನಪೊಂದೇ. ಕಂಡಕಂಡೋರೆಲ್ಲ ಅದನ್ನ ಟೈಂಪಾಸಿಗೆ ಓದೋದು ಬೇಡ.”

ಅದ್ವಿಕ್ ಒಪ್ಪಿಕೊಂಡ. ಅವಳ ದಾಖಲೆಯನ್ನು ಅಳಿಸಿ, ಯಂತ್ರಕ್ಕೆ ಮತ್ತೆ ಕಲಿಸಲೆಂದು ಹೊಸ ಓದುಗರ ಮಣಿಕಟ್ಟಿಗೆ ಪಟ್ಟಿ ಕಟ್ಟಿದ. ಎಲ್ಲರೂ ಎಳೆಯರು, ಆರೋಗ್ಯವಂತರು. ಪಕ್ಕದಲ್ಲಿ ಯಾರನ್ನೂ ಕೂರಿಸದೆ ಹಳೆಯ ಕಾಲದ ಕತೆಗಳನ್ನೂ ಈಗಿನವನ್ನೂ ಬೆರೆಸಿ ಓದಿಸಿದ. ಕೆಲವು ದಿನ ಬಿಟ್ಟು ಸಿಂಚನಾಳನ್ನು ಕರೆಸಿಕೊಂಡಾಗ ಅವನ ಮುಖ ಬಾಡಿತ್ತು. ಹಳೆಯ ಕತೆಗಳಿಗೆ ಅವರ ಗೆರೆ ಅಲ್ಲಾಡಿರಲೇ ಇಲ್ಲ. ನಿಂತು ನಿಂತು ಹೋಗುವ ಕತೆಗಳಿಗೆ ಮಾತ್ರ ನಿಮಿರಿ ನಿಂತಿತ್ತು.

“ಇವ್ರೆಲ್ಲ ಚಿಕ್ಕಂದಿನಿಂದ ಓದ್ಕೊಂಡು ಬಂದಿದ್ದೇ ಈ ಕತೆಗಳನ್ನ,” ಅಂದ. “ಯಂತ್ರದಿಂದ ನಿಮ್ಮನ್ನ ತೆಗೆದೆ ಮೇಡಂ. ಇವರ ಮೈಯಿಂದ ಹೇಗೆ ತೆಗೀಲಿ? ನನ್ನ ಕೈಲಾಗಲ್ಲ.”

ವಿಶೇಷಾಂಕದ ಕೆಲಸ ಮುಗಿಯುತ್ತ ಬಂದಿತ್ತು. ಸಿಂಚನಾಗೆ ಉಳಿದದ್ದು ‘ತೀರ್ಪುಗಾರರ ಮಾತು’ ಒಂದೇ. ಅವಳು ನಡೆದದ್ದನ್ನು ನಡೆದ ಹಾಗೆ ಬರೆದಳು. ತೇಜಸ್, ಅವನ ಮಂಚ, ಅವನ ಉಸಿರು, ಅದು ನಿಂತ ಗಳಿಗೆ. ಎಲ್ಲಿಯೂ ಬಣ್ಣ ಬಳಿಯಲಿಲ್ಲ. ಕೊನೆಯಲ್ಲಿ, ನೀವು ಇಷ್ಟು ವರ್ಷ ಓದುತ್ತಿರುವುದು ಒಬ್ಬ ಮನುಷ್ಯನ ಸಾವನ್ನು, ದಯವಿಟ್ಟು ಇನ್ನಾದರೂ ಅವನನ್ನು ಬಿಟ್ಟುಬಿಡಿ ಎಂದು ಕೈಮುಗಿದು ಕೇಳಿಕೊಂಡಳು.

ಮಾರನೆಯ ದಿನ ಧನ್ವಿಯ ಫೋನು ಬಂತು. ದನಿಯಲ್ಲಿ ಸಂಭ್ರಮ ಉಕ್ಕುತ್ತಿತ್ತು.

“ಆಂಟೀ, ನಿಮ್ಮ ಬರಹಕ್ಕೆ ತೊಂಬತ್ತೊಂದು ಪುಳಕ! ಇಲ್ಲಿ ತನಕ ಯಾರಿಗೂ ಬಂದಿಲ್ಲ. ಯಂತ್ರ ಅದನ್ನ ಶೃಂಗಾರಕ್ಕೆ ಹಾಕಿದೆ. ವಿಶೇಷಾಂಕದ ಮೊದಲ ಪುಟಕ್ಕೇ ಹೋಗ್ತಿದೆ.”

“ನೀನು ಓದಿದ್ಯೇನೆ?”

“ಓದ್ದೇ ಇರ್ತೀನಾ? ಅತ್ತುಬಿಟ್ಟೆ ಆಂಟಿ. ಎಷ್ಟು ಚೆನ್ನಾಗಿ ಬರ್ದಿದೀರಿ! ಕೊನೇ ಪ್ಯಾರಾ ಒಂದು ತೆಗ್ದಿದೀನಿ, ಬೇಜಾರು ಮಾಡ್ಕೋಬೇಡಿ. ಅಲ್ಲಿ ಪುಳಕ ಇಳೀತಿತ್ತು.”

ಸಿಂಚನಾ ಬೇಡವೆಂದು ಗೋಗರೆದಳು. ಅಷ್ಟರಲ್ಲಾಗಲೇ ಅದು ಅಚ್ಚಿಗೆ ಹೋಗಿತ್ತು.

ವಿಶೇಷಾಂಕ ಬಂದ ವಾರ ಸಿಟಿ ಬಸ್ಸಿನಲ್ಲಿ ಅವಳ ಪಕ್ಕ ಕೂತ ಕಾಲೇಜು ಹುಡುಗಿಯೊಬ್ಬಳು ಫೋನಿನಲ್ಲಿ ಅದನ್ನೇ ಓದುತ್ತಿದ್ದಳು. ತೇಜಸ್‌ನ ಉಸಿರು ನಿಲ್ಲುವ ಜಾಗಕ್ಕೆ ಬಂದಾಗ ತೋಳನ್ನು ಗೆಳತಿಯ ಕಡೆ ಚಾಚಿ, “ನೋಡೇ, ಮೈ ಜುಂ ಅಂತು!” ಅಂದಳು. ಆಮೇಲೆ ಬೆರಳಾಡಿಸಿ ಮುಂದಿನ ಕತೆಗೆ ಹೋದಳು. ಸಿಂಚನಾ ಕಿಟಕಿಯ ಕಡೆ ತಿರುಗಿ, ಕಣ್ಣು ಮುಚ್ಚಿ, ಗಂಡನ ಉಸಿರನ್ನು ನೆನಪಿಗೆ ತಂದುಕೊಳ್ಳಲು ನೋಡಿದಳು. ಯಾವ ಯಾವುದೋ ಕತೆಯ ಸಾಲುಗಳು ಬಂದವು. ಅವನು ಬರಲಿಲ್ಲ.

ಇದೆಲ್ಲ ಮುಂದೆಂದೋ ನಡೆಯುವ ಮಾತು ಎಂದು ನಾವು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಒಂದು ಕತೆಯನ್ನು ತೆರೆಯುವ ಮೊದಲೇ ಅದನ್ನು ಎಷ್ಟು ಜನ ಮೆಚ್ಚಿದ್ದಾರೆ ಎಂದು ನೋಡುವ ಚಾಳಿ ನಮಗೆ ಈಗಲೇ ಅಂಟಿದೆ. ಮೆಚ್ಚಿದವರು ಅದನ್ನು ಯಾರ ಮಂಚದ ಪಕ್ಕ ಕೂತು ಓದಿದರು ಎಂದು ಕೇಳುವ ಅಭ್ಯಾಸ ನಮಗಿನ್ನೂ ಆಗಿಲ್ಲ.