ಸೀಟಿನ ಕೆಳಗಿನ ಹ್ಯಾಂಡಲ್

"ಮೂರು ಚಕ್ರದ್ದೇ ತಗೊಳ್ಳಿ. ನಿಮಗೆ ಅದೇ ಸರಿ," ಎಂದ ಸೈಕಲ್ ಶೆಡ್ಡಿನ ಸೀಬ್ರೆನ್.

ಹಿಲ್ಕೆಗೆ ಮೈ ಉರಿಯಿತು. "ಯಾಕೆ? ಮುದುಕಿ ಥರ ಕಾಣ್ತೀನಾ?"

ಅವಳಿಗೆ ನಲವತ್ತೆಂಟು ವರ್ಷ, ಅದರಲ್ಲಿ ಮೂವತ್ತು ವರ್ಷ ಬೇಕರಿಯಲ್ಲಿ ಹಿಟ್ಟು ನಾದಿದ ಕೈ. ಮಣಿಕಟ್ಟು ಹಾಳಾಗಿ, ಮಾಮೂಲಿ ಸೈಕಲ್ಲಿನ ಹ್ಯಾಂಡಲ್ ಮೇಲೆ ಭಾರ ಹಾಕುವಂತಿರಲಿಲ್ಲ. ಅದಕ್ಕೇ ಡ್ರೊಂಟೆನ್ ಊರಿನ ಹೊರಗಿನ ಈ ಶೆಡ್ಡಿಗೆ, ಒರಗಿ ಕೂತು ತುಳಿಯುವ ಸೈಕಲ್ ಹುಡುಕಿಕೊಂಡು ಬಂದಿದ್ದಳು. ಅಣ್ಣ ಗೆರ್ಬೆನ್ ನಕ್ಕಿದ್ದ: "ರಸ್ತೆ ಮೇಲೆ ಕಾಲು ಚಾಚಿ ಮಲಗ್ತೀಯೇನೇ? ಎಲ್ಲರ ಹಾಗೆ ಇರೋದು ಕಲಿ."

ಸೀಬ್ರೆನ್ ಕಿವಿ ಕೆಂಪಾಯಿತು. "ಮುದುಕಿ ಅಂದ್ನಾ? ಬಿದ್ರೆ ನೋವಾಗತ್ತಲ್ಲ ಅಂತ."

"ಬೀಳೋಳು ನಾನು. ನೀವ್ಯಾಕೆ ಈಗಲೇ ಅಳ್ತೀರಿ?"

ಆದರೂ ಓಡಿಸಿ ನೋಡಿದಳು. ಮೂರು ಚಕ್ರದ್ದು ನೆಲಕ್ಕೆ ಅಂಟಿದಂತೆ ಓಡಿತು, ತಿರುವಿನಲ್ಲೂ ಬಾಗಲಿಲ್ಲ. "ಸೋಫಾ ಇದು," ಎಂದು ಎದ್ದಳು. ಎರಡನೆಯದರ ಹ್ಯಾಂಡಲ್ ಎದೆಯ ಮುಂದೆ. ಚುರುಕಾಗಿ ತಿರುಗುತ್ತಿತ್ತು, ಆದರೆ ಕೈ ಎತ್ತಿಯೇ ಇರಬೇಕು. ಮಣಿಕಟ್ಟು ಮತ್ತೆ ಚುಚ್ಚಿತು. ಮೂರನೆಯದರ ಹ್ಯಾಂಡಲ್ ಸೀಟಿನ ಕೆಳಗೆ, ತೊಡೆಗಳ ಪಕ್ಕ. ಕೈ ಇಳಿಬಿಟ್ಟರೆ ಸಾಕು.

ಹತ್ತು ಮಾರು ಹೋಗಿ ಹುಲ್ಲಿಗೆ ಬಿದ್ದಳು.

ಸೀಬ್ರೆನ್ ಓಡಿ ಬಂದ. "ಹಿಟ್ಟು ನಾದೋ ಹಾಗೆ ಹಿಸುಕ್ತೀರಲ್ರೀ! ಹೆದರಿ ಎಳೆದ್ರೆ ಅದು ಸರ್ರಂತ ತಿರುಗತ್ತೆ. ಎರಡೇ ಬೆರಳು. ಕಣ್ಣು ದೂರ ಇರ್ಲಿ."

ತೋರಿಸಲು ಹೋದ ಅವನ ಬೆರಳು ಅವಳ ಬೆರಳ ಮೇಲೆ ಹಾಗೇ ಉಳಿಯಿತು. ಇಬ್ಬರೂ ದೂರವೇನೂ ನೋಡಲಿಲ್ಲ.

ಹಿಲ್ಕೆ ಮೂರನೆಯದನ್ನೇ ಕೊಂಡಳು. ಮುಂದೆ ಆರು ಶನಿವಾರ ಸರೋವರದ ಒಡ್ಡಿನ ಮೇಲೆ ಜೊತೆಯಾಗಿ ಓಡಿಸಿದರು. ಎದುರುಗಾಳಿಗೆ ಉಳಿದ ಸೈಕಲ್ಲಿನವರು ಏದುಸಿರು ಬಿಡುತ್ತಿದ್ದರೆ, ಒರಗಿ ಕೂತ ಇವರು ಹರಟುತ್ತಾ ದಾಟಿದರು. ಆರನೆಯ ಶನಿವಾರ ಅವಳೆಂದಳು, "ನಾಳೆ ಅಣ್ಣನ ಹುಟ್ಟುಹಬ್ಬ. ಬನ್ನಿ."

"ಬೇಡ. ಈ ಮಲಗೋ ಸೈಕಲ್ಲಿಗೆ ಊರೆಲ್ಲ ನನ್ನ ನೋಡಿ ನಗತ್ತೆ. ಅಲ್ಲಿ ನನ್ನ ಯಾರು ಅಂತ ಹೇಳ್ತೀರಿ?"

"ಹೇಳೋ ಬಾಯಿ ನನ್ನದು. ಹನ್ನೊಂದಕ್ಕೆ ಬನ್ನಿ."

ಗೆರ್ಬೆನ್ ಮನೆಯ ಹಜಾರದಲ್ಲಿ ಕುರ್ಚಿಗಳು ಸುತ್ತಲೂ ಸಾಲಾಗಿದ್ದವು, ಎಲ್ಲರ ಮಡಿಲಲ್ಲೂ ಕೇಕಿನ ತಟ್ಟೆ. ಅಲ್ಲಿನ ರೂಢಿಯಂತೆ ಬಂದವರು ಹುಟ್ಟುಹಬ್ಬದವನಿಗಷ್ಟೇ ಅಲ್ಲ, ಕೂತ ಪ್ರತಿಯೊಬ್ಬರಿಗೂ ಕೈಕುಲುಕಿ ಅಭಿನಂದಿಸಬೇಕು. ಸೀಬ್ರೆನ್ ಬೆವರುತ್ತಾ ಅರ್ಧ ಸುತ್ತು ಮುಗಿಸಿದ್ದ.

"ಇವರು ಯಾರೇ ಹಿಲ್ಕೆ? ಮಲಗೋ ಸೈಕಲ್ ರಿಪೇರಿಯವರಾ?" ಗೆರ್ಬೆನ್ ಕೂಗಿದ. ನಗು ಎದ್ದಿತು.

"ಹೌದು, ನಾನು..." ಎಂದು ತೊದಲಿದ ಸೀಬ್ರೆನ್.

ಹಿಲ್ಕೆ ಎದ್ದು ನಿಂತಳು. "ಅಲ್ಲ. ನಾನು ಪ್ರೀತಿಸೋ ಗಂಡಸು."

ಗೆರ್ಬೆನ್ ಚಮಚವನ್ನು ತಟ್ಟೆಗೆ ಕುಕ್ಕಿದ.

"ಹುಚ್ಚಾಟ ಬಿಡು ಹಿಲ್ಕೆ. ಎಲ್ಲರ ಹಾಗೆ ಇರು."

"ನಲವತ್ತೆಂಟು ವರ್ಷ ಇದ್ದೆ, ಸಾಕು. ಇನ್ನೊಂದು ಕುರ್ಚಿ ತಾ."

ಯಾರೂ ಅಲುಗಲಿಲ್ಲ. ಅವಳೇ ಅಡುಗೆಮನೆಯಿಂದ ಕುರ್ಚಿ ಎಳೆದು ತಂದು ತನ್ನ ಪಕ್ಕಕ್ಕೆ ತುರುಕಿದಳು. "ಕೂತ್ಕೋ ಸೀಬ್ರೆನ್."

ಅವನು ಕೂತ. "ನನಗೆ ಪ್ರೀತಿ ಇದೆಯಾ ಅಂತ ನೀನು ಕೇಳ್ಲೇ ಇಲ್ಲ."

"ಇದೆಯಾ?"

"ಇದೆ." ಈ ಸಲ ಅವನ ದನಿ ಇಡೀ ಹಜಾರಕ್ಕೆ ಕೇಳಿಸಿತು.

ಮೂಲೆಯಲ್ಲಿದ್ದ ಮುದಿ ಸೋದರತ್ತೆ ತಟ್ಟೆ ಕೆಳಗಿಟ್ಟು, ಕೋಲೂರಿ ಬಂದು ಇಬ್ಬರ ಕೈ ಕುಲುಕಿದಳು. "ಅಭಿನಂದನೆ ಕಣ್ರೋ."

ಒಬ್ಬರು ಶುರು ಮಾಡಿದ ಮೇಲೆ ಉಳಿದವರು ಕೂತಿರುವಂತಿಲ್ಲ. ಒಬ್ಬೊಬ್ಬರಾಗಿ ಎದ್ದು ಕೈ ಕುಲುಕಿದರು. ಕೊನೆಗೆ ಗೆರ್ಬೆನ್ ಒಬ್ಬನೇ ಕೂತು ಉಳಿದ. ಹಿಲ್ಕೆ ಅವನ ಮುಂದೆ ಕೈ ಚಾಚಿದಳು, ಅವನು ಎದ್ದು ಕುಲುಕುವವರೆಗೂ ಇಳಿಸಲಿಲ್ಲ.