ಪ್ರಶ್ನೆ ಕೇಳದ ದೀಪದವನು

"ಉಡುಪು ಬೇಡ ಅಂದವರು ನೀವೇ ಮೊದಲು," ಎಂದಳು ಹೋಟೆಲಿನ ಬಾಗಿಲ ಬಳಿ ಕುಳಿತಿದ್ದ ಹುಡುಗಿ.

"ಹಾಗಿದ್ರೆ ಅದನ್ನೂ ಬರ್ಕೊಳ್ಳಿ," ಎಂದಳು ಕಲ್ಲಮ್ಮ.

ಪಕ್ಕದಲ್ಲಿ ಅವಳ ಅಕ್ಕ ಆಗಲೇ ನೀಲಿ ನಿಲುವಂಗಿಯೊಳಗೆ ತಲೆ ತೂರಿಸಿ ಆಗಿತ್ತು. "ಇದಕ್ಕೆ ಜೇಬು ಇದೆ ಕಣೇ!" ಎಂಬ ಸಂಭ್ರಮ ಬಟ್ಟೆಯೊಳಗಿಂದಲೇ ಕೇಳಿಬಂತು. ದೇವರು ಕೆಲವರಿಗೆ ಎಲ್ಲವನ್ನೂ ಕಾಣುವ ಕಣ್ಣು ಕೊಡುತ್ತಾನೆ, ಕೆಲವರಿಗೆ ಕಂಡಿದ್ದರಲ್ಲಿ ಸುಖಪಡುವ ಗುಣ ಕೊಡುತ್ತಾನೆ. ಒಂದೇ ತಾಯಿಯ ಹೊಟ್ಟೆಯಲ್ಲಿ ಎರಡನ್ನೂ ಹುಟ್ಟಿಸಿ ಸುಮ್ಮನೆ ನೋಡುತ್ತಿರುತ್ತಾನೆ.

"ಇನ್ನೊಂದು ಮಾತು," ಎಂದಳು ಹುಡುಗಿ. "ನಮ್ಮ ನಟರು ಎರಡು ದಿನವೂ ಪಾತ್ರ ಬಿಡೋ ಹಾಗಿಲ್ಲ. ಬಿಟ್ಟರೆ ಅವರ ಕೆಲಸ ಹೋಗುತ್ತೆ. ದಯವಿಟ್ಟು ಬಲವಂತ ಮಾಡಬೇಡಿ."

ಕಲ್ಲಮ್ಮ ಎನ್ನುವುದು ಅವಳ ನಿಜವಾದ ಹೆಸರಲ್ಲ. ಮೊಸರಲ್ಲಿ ಕಲ್ಲು ಹುಡುಕುತ್ತಾಳೆ ಎಂದು ಬಳಗದವರು ಇಟ್ಟದ್ದು. ಬಳಗ ಎಂದರೆ 'ತೇಲೂರು' ಓದುಗರ ಬಳಗ, ನಾಲ್ಕು ಸಾವಿರ ಜನ, ಎಲ್ಲರೂ ಫೋನಿನೊಳಗೆ. ತೇಲೂರು ಎಂದರೆ ಒಂಬತ್ತು ಪುಸ್ತಕಗಳ ಒಂದು ಕಥೆ. ಓದದವರಿಗೆ ಹೇಳುವುದಾದರೆ, ಹಡಗಿನ ಮೇಲೆ ಒಂದು ಊರಿದೆ, ಅದು ಎಂದೂ ದಡ ಸೇರುವುದಿಲ್ಲ. ಅಷ್ಟೇ. ಆ ಅಷ್ಟರಲ್ಲೇ ಜನ ಹುಟ್ಟುತ್ತಾರೆ, ಜಗಳವಾಡುತ್ತಾರೆ, ಮದುವೆಯಾಗುತ್ತಾರೆ, ಸಂಜೆ ದೀಪದವನು ಬಂದು ದೀಪ ಹಚ್ಚುವುದನ್ನೇ ಕಾಯುತ್ತಾರೆ.

ಆ ಹಡಗನ್ನೇ ಈಗ ಹೋಟೆಲು ಮಾಡಿದ್ದರು. ನೀರಿನ ಮೇಲಲ್ಲ, ಹೆದ್ದಾರಿಯ ಪಕ್ಕ. ಕಿಟಕಿ ಇರಬೇಕಾದಲ್ಲಿ ಪರದೆ, ಪರದೆಯ ತುಂಬ ಸಮುದ್ರ. ಎರಡು ದಿನ ಅಲ್ಲಿದ್ದು ಕಥೆಯ ಜನರೊಡನೆ ತಾವೂ ಕಥೆಯವರೇ ಎಂಬಂತೆ ಬದುಕಬೇಕು. ಅದಕ್ಕೆ ಅವರು ಕೇಳುತ್ತಿದ್ದ ದುಡ್ಡು ಕೇಳಿ ಬಳಗಕ್ಕೆ ಬಳಗವೇ ಮೂಗು ಮುರಿದಿತ್ತು. ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳ ಬೆನ್ನು ಹೊಲಿಯುವ ಕಲ್ಲಮ್ಮನಂಥವರಿಗಂತೂ ಅದು ಕನಸಿನಲ್ಲೂ ಬರುವಂಥದ್ದಲ್ಲ. ಭಾವನ ಕಚೇರಿಯ ಚೀಟಿ ಎತ್ತುವ ಆಟದಲ್ಲಿ ಇಬ್ಬರಿಗೆ ಎರಡು ದಿನದ ವಾಸ ಬಹುಮಾನವಾಗಿ ಬಂತು. ಭಾವನಿಗೆ ಹಡಗೆಂದರೆ ಚಿತ್ರದಲ್ಲಿ ನೋಡಿದರೂ ವಾಕರಿಕೆ. ಹಾಗಾಗಿ ಅಕ್ಕ ತಂಗಿ ಹೊರಟರು.

ಹೊರಡುವ ದಿನವನ್ನು ಅವಳು ಬಳಗಕ್ಕೆ ತಿಳಿಸಿದ್ದಳು. "ಹೋಗಿ ಬಂದು ಇದ್ದದ್ದು ಇದ್ದ ಹಾಗೆ ಬರಿ, ಕಲ್ಲಮ್ಮ," ಎಂದು ನಾಲ್ಕು ಸಾವಿರ ಜನ ಕಾದಿದ್ದರು. ಒಬ್ಬನನ್ನು ಬಿಟ್ಟು.

ಆ ಒಬ್ಬ 'ಉಪ್ಪುನೀರು'. ನಾಲ್ಕು ವರ್ಷ ದಿನ ತಪ್ಪದೆ ಅವಳೊಡನೆ ಜಗಳವಾಡಿದವನು. ಮುಖ ನೋಡಿದ್ದಿಲ್ಲ, ದನಿ ಕೇಳಿದ್ದಿಲ್ಲ. ಅವಳು ಒಂದು ಬರೆದರೆ ಅವನು ಎರಡು ಬರೆಯುತ್ತಿದ್ದ. ಅಂಟು ಒಣಗುವವರೆಗೆ ಕಾಯುವ ಹೊತ್ತಿನಲ್ಲಿ ಅವಳು ಫೋನು ತೆಗೆದು ಒಬ್ಬಳೇ ನಗುವುದನ್ನು ಇಡೀ ಗ್ರಂಥಾಲಯವೇ ಬಲ್ಲುದು. ಕಳೆದ ವರ್ಷ ಹೋಟೆಲಿನ ಸುದ್ದಿ ಬಂದಾಗ ಅವನು, "ನೋಡದೆ ಹಳಿಯಬೇಡ, ಅಲ್ಲೂ ಕಥೆಯನ್ನು ಪ್ರೀತಿಸುವವರು ಇರಬಹುದು," ಎಂದು ಬರೆದ. ಅವಳು ರೋಷದಲ್ಲಿ, "ಆ ವೇಷ ತೊಡುವವರು ಕಥೆಯನ್ನು ಮಾರಿಕೊಂಡವರು. ಅಂಥವರ ಮುಖ ನೋಡುವುದಕ್ಕೂ ನನಗೆ ಇಷ್ಟವಿಲ್ಲ," ಎಂದು ಉತ್ತರಿಸಿದಳು.

ಅಂದಿನಿಂದ ಅವನು ತುಟಿ ಪಿಟಕ್ಕೆನ್ನಲಿಲ್ಲ. ಒಂದು ವರ್ಷ. ಅವಳೂ ಮೊದಮೊದಲು ಬಿಗುಮಾನದಿಂದಿದ್ದಳು. ಆಮೇಲೆ ಬಿಗುಮಾನ ಕರಗಿತು, ಕಾಯುವುದು ಮಾತ್ರ ಉಳಿಯಿತು. ಅದನ್ನು ಅಕ್ಕನಿಗೆ ಮಾತ್ರ ಹೇಳಿದ್ದಳು, ಅದೂ ಬೇರೆ ಯಾರದೋ ಕಥೆ ಎಂಬಂತೆ.

ಮೊದಲ ದಿನ ಸಂಜೆಗೆ ಅವಳ ಚಿಕ್ಕ ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ಸಿಲಿನಿಂದ ಇಪ್ಪತ್ತೆರಡು ತಪ್ಪುಗಳಾಗಿದ್ದವು. ಹಗ್ಗ ಪ್ಲಾಸ್ಟಿಕ್ಕಿನದು. ಹಡಗಿನ ನಾಯಕನ ಗಡ್ಡ ಅಂಟಿಸಿದ್ದು. ಪರದೆಯ ಸಮುದ್ರದಲ್ಲಿ ಅದೇ ಬಿಳಿ ಹಕ್ಕಿ ಹನ್ನೊಂದು ನಿಮಿಷಕ್ಕೊಮ್ಮೆ ಹಾದುಹೋಗುತ್ತದೆ.

"ಹಾಸಿಗೆ ಮಾತ್ರ ಮೆತ್ತಗಿದೆ," ಎಂದಳು ಅಕ್ಕ.

"ಅದೂ ತಪ್ಪೇ. ತೇಲೂರಲ್ಲಿ ಹಲಗೆ ಮೇಲೆ ಮಲಗ್ತಾರೆ."

"ನಿನ್ನ ತೇಲೂರಿನವರಿಗೆ ಸೊಂಟ ಗಟ್ಟಿ ಇರಬೇಕು, ಬಿಡು."

ಆರು ಗಂಟೆಗೆ ಓಣಿಯಲ್ಲಿ ದೀಪದವನು ಬಂದ. ಎತ್ತರದ ಆಳು, ಬೂದು ಅಂಗಿ, ಇವನ ಗಡ್ಡವೂ ಅಂಟಿಸಿದ್ದೇ. ಹಿಂದೆ ಸ್ವಲ್ಪ ದೂರದಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡ ಮೇಲ್ವಿಚಾರಕಿ, ಕಾವಲಿನವಳ ವೇಷದಲ್ಲಿ. ಕಲ್ಲಮ್ಮ ಬಾಗಿಲಿಗೆ ಒರಗಿ ನಿಂತಳು. ದೀಪದವನೆಂದರೆ ಅವಳಿಗೆ ಪ್ರಾಣ. ಒಂಬತ್ತು ಪುಸ್ತಕಗಳಲ್ಲಿ ಅವನು ಯಾರನ್ನೂ ಒಂದೇ ಒಂದು ಪ್ರಶ್ನೆ ಕೇಳುವುದಿಲ್ಲ. ಗ್ರಂಥಾಲಯದ ಪ್ರತಿಗಳನ್ನು ಬಿಚ್ಚಿ ಮತ್ತೆ ಹೊಲಿಯುವಾಗ, ಒಂದೊಂದೇ ಹಾಳೆ ತಿರುವುತ್ತ, ಅವಳೇ ಮೊದಲು ಅದನ್ನು ಕಂಡುಹಿಡಿದಿದ್ದು. ಅದರ ಬಗ್ಗೆ ಬಳಗದಲ್ಲಿ ಉದ್ದವಾಗಿ ಬರೆದಿದ್ದಳು ಕೂಡ. ಬೇಕಾದ್ದನ್ನು ಕೇಳದೆ, ಕೊಟ್ಟಿದ್ದಕ್ಕೆ ಬೆಳಕು ಹಿಡಿಯುವ ಮನುಷ್ಯ ಎಂದು.

"ಈ ದೀಪ ಕರೆಂಟಿನದು," ಎಂದಳು.

"ಹೌದು ಅಂದ್ರೆ ಊರು ಮುಳುಗುತ್ತೆ, ಅಲ್ಲ ಅಂದ್ರೆ ನೀವು ನಂಬಲ್ಲ," ಎಂದ ಅವನು, ಬತ್ತಿ ಸರಿಮಾಡುವವನ ಹಾಗೆ ಬೆರಳಾಡಿಸುತ್ತ. "ಬೆಳಕು ಬರ್ತಾ ಇದೆ. ಅಷ್ಟು ಸಾಕು."

ಪರವಾಗಿಲ್ಲವೇ ಎಂದುಕೊಂಡಳು. ಇವನ ಬಾಯಿಂದ ಒಂದು ಪ್ರಶ್ನೆ ಹೊರಡಿಸಲೇಬೇಕೆಂದು ಹಟ ಬಂತು. ಎರಡು ಹೆಜ್ಜೆ ನಡೆದವಳೇ "ಅಯ್ಯೋ!" ಎಂದು ಕಾಲು ಹಿಡಿದು ಕುಸಿದಳು. 'ಏನಾಯ್ತು' ಎನ್ನದ ಮನುಷ್ಯ ಲೋಕದಲ್ಲಿಲ್ಲ.

ದೀಪದವನು ಮಂಡಿಯೂರಿ ಕುಳಿತು ನೋಡಿದ. ಕಣ್ಣಿನ ಮೂಲೆಯಲ್ಲಿ ಎರಡು ಗೆರೆ ಮೂಡಿ, ಅವುಗಳ ನಡುವೆ ನಗು ಸಿಕ್ಕಿಬಿದ್ದಂತಿತ್ತು.

"ಮೊದಲು ಎಡಗಾಲು ಹಿಡಿದಿದ್ರಿ. ಈಗ ಬಲಗಾಲು ಹಿಡಿದಿದ್ದೀರಿ," ಎಂದ ಗಂಭೀರವಾಗಿ. "ಎರಡೂ ನೋಯ್ತಿದ್ರೆ ವೈದ್ಯರ ಕೋಣೆ ಕೆಳಗಡೆ ಇದೆ."

ಅವನು ಎದ್ದು ಮುಂದಿನ ದೀಪಕ್ಕೆ ಹೋದ. ಅವಳು ನೆಲದ ಮೇಲೆ ಕುಳಿತೇ ಇದ್ದಳು. ಒಂದು ವರ್ಷದಿಂದ ಯಾರೂ ಅವಳನ್ನು ಹೀಗೆ ಸೋಲಿಸಿರಲಿಲ್ಲ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಅವಳು ಪರದೆಯ ಮುಂದೆ ನಿಂತು ಹಕ್ಕಿಗಾಗಿ ಕಾಯುತ್ತಿದ್ದಳು. ಎಣ್ಣೆಯ ಡಬ್ಬಿ ಹಿಡಿದು ದೀಪದವನು ಬಂದು ಪಕ್ಕದಲ್ಲಿ ನಿಂತ. ಹಕ್ಕಿ ಬಂತು, ಹೋಯಿತು.

"ಪಾಪ, ಅದಕ್ಕೂ ದಡ ಸಿಕ್ಕಿಲ್ಲ," ಎಂದ.

ಮೇಲ್ವಿಚಾರಕಿ ಆ ಕಡೆ ಯಾವುದೋ ಮಗುವಿನ ಟೋಪಿ ಸರಿಮಾಡುತ್ತಿದ್ದಳು. ಅವನು ಅತ್ತ ಒಮ್ಮೆ ನೋಡಿದ. ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಮೆಲ್ಲಗೆ ಕೇಳಿದ:

"ನಿಮ್ಮ ಕೋಪ ಇನ್ನೂ ಇಳಿದಿಲ್ವಾ?"

ಕಲ್ಲಮ್ಮನ ಕೈ ತಾನಾಗಿ ನೋಟ್‌ಬುಕ್ಕಿಗೆ ಹೋಯಿತು. "ಸಿಕ್ಕಿಬಿದ್ರಿ! ಇಪ್ಪತ್ತಮೂರನೇ ತಪ್ಪು. ದೀಪದವನು ಪ್ರಶ್ನೆ ಕೇಳಿದ!" ಎಂದು ಅವನ ಮುಂದೆಯೇ ಕೆಂಪಕ್ಷರದಲ್ಲಿ ಬರೆದಳು. ತಲೆಯೆತ್ತಿದಾಗ ಅವನ ಮುಖದಲ್ಲಿ ನಗು ಇರಲಿಲ್ಲ. ಅವನು ತಲೆ ಬಾಗಿಸಿ ಹೊರಟುಹೋದ.

ಊಟದ ಮೇಜಿನ ಬಳಿ ಅವಳು ಗೆದ್ದ ಕಥೆ ಹೇಳಿದಳು. ಅಕ್ಕ ಕಣ್ಣುಮುಚ್ಚಿ ದೇವರನ್ನು ನೆನೆದು, ಮೊದಲ ತುತ್ತು ನುಂಗಿ, ನಿಧಾನವಾಗಿ ಕೇಳಿದಳು.

"ನೀನು ನಿನ್ನೆ ಅಷ್ಟು ನಾಟಕ ಆಡಿದಾಗಲೂ ಬಾಯಿ ಜಾರದವನು ಇವತ್ತು ಯಾಕೆ ಜಾರಿದ?"

"ಮೈಮರೆತಿರಬೇಕು."

"ಮೈಮರೆತವನು ಆ ಕಡೆ ಈ ಕಡೆ ನೋಡ್ಕೊಂಡು ಮಾತಾಡ್ತಾನಾ? ಅದೂ ಹೋಗಲಿ. ನಿನಗೆ ಕೋಪ ಇದೆ ಅಂತ ಅವನಿಗೆ ಯಾರು ಹೇಳಿದ್ರು?"

"ನನ್ನ ಮುಖ ನೋಡಿದ್ರೆ..."

"'ಇನ್ನೂ' ಅಂದನಲ್ಲೇ, ಪೆದ್ದಿ. ನಿನ್ನೆ ಕಂಡವನು 'ಇನ್ನೂ' ಅಂತಾನಾ?"

ಕಲ್ಲಮ್ಮನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು.

ದೀಪದವನು ಪ್ರಶ್ನೆ ಕೇಳಿದರೆ ಈ ಹಡಗಿನಲ್ಲಿ ಬೇರೆ ಯಾರಿಗೂ ಏನೂ ಅನಿಸುವುದಿಲ್ಲ. ಮಾತನಾಡುತ್ತಿರುವುದು ದೀಪದವನಲ್ಲ ಎಂದು ಅವಳೊಬ್ಬಳಿಗೆ ಮಾತ್ರ ತಿಳಿಯುತ್ತದೆ. ಅವಳಿಗೆ ತಿಳಿಯುತ್ತದೆ ಎಂದು ತಿಳಿದವನು, ಅವಳ ಬರಹವನ್ನು ಅಕ್ಷರ ಬಿಡದೆ ಓದಿದವನು, ಒಬ್ಬನೇ: ಉಪ್ಪುನೀರು. ತನ್ನ ಕೆಲಸವನ್ನೇ ಪಣಕ್ಕಿಟ್ಟು ಅವನು ಬಾಗಿಲು ತೆರೆದಿದ್ದ. ಅವಳು ಅದಕ್ಕೆ ಕೆಂಪು ಗೆರೆ ಎಳೆದು, ಸಂಖ್ಯೆ ಹಾಕಿದ್ದಳು.

"ಅಕ್ಕಾ..."

"ಅಳಬೇಡ. ನೀರು ಕುಡಿ. ಹಡಗು ಇಳಿಯೋಕೆ ಇನ್ನೂ ನಾಲ್ಕು ಗಂಟೆ ಇದೆ."

ಇಪ್ಪತ್ತಮೂರನೆಯ ಸಾಲನ್ನು ಹೊಡೆದುಹಾಕಿ ಅವಳು ಬಾಗಿಲ ಬಳಿಯ ಹುಡುಗಿಯ ಹತ್ತಿರ ಹೋದಳು. "ಉಡುಪು ಕೊಡಿ," ಎಂದಳು. ಉಳಿದಿದ್ದು ಒಂದೇ, ಎರಡು ಅಳತೆ ದೊಡ್ಡದು. ತೋಳು ಮಡಚಿ ಹಾಕಿಕೊಂಡಳು.

ಹೊರಡುವ ಮೊದಲು, ನಾಲ್ಕು ಗಂಟೆಗೆ, ಹಡಗಿನ ಮೇಲಟ್ಟದಲ್ಲಿ ಅರಿಕೆಯ ಹೊತ್ತು. ಪುಸ್ತಕದಲ್ಲಿದ್ದಂತೆಯೇ ಪ್ರಯಾಣಿಕರು ಒಬ್ಬೊಬ್ಬರೇ ದೀಪದವನ ಮುಂದೆ ಬಂದು ಮನಸ್ಸಿನಲ್ಲಿದ್ದುದನ್ನು ಹೇಳಬೇಕು, ಅವನು ಒಂದೇ ವಾಕ್ಯದಲ್ಲಿ ಉತ್ತರಿಸಬೇಕು. ಜನ ನಗುತ್ತ ಏನೇನೋ ಹೇಳಿಕೊಳ್ಳುತ್ತಿದ್ದರು. ಮೇಲ್ವಿಚಾರಕಿ ಅವನ ಬೆನ್ನಿಗೇ ನಿಂತಿದ್ದಳು. ಕಲ್ಲಮ್ಮನ ಸರದಿ ಬಂದಾಗ ಅವನು ಅವಳ ಅಂಗಿಯನ್ನು ನೋಡಿದ. ಮಡಚಿದ ತೋಳನ್ನು ನೋಡಿದ. ಮುಖವನ್ನು ಕೊನೆಗೆ ನೋಡಿದ.

ಇಲ್ಲಿ ನೇರವಾಗಿ ಮಾತನಾಡಿದರೆ ಅವನ ಅನ್ನಕ್ಕೆ ಕಲ್ಲು. ಮಾತನಾಡದಿದ್ದರೆ ಸಂಜೆ ಐದಕ್ಕೆ ಎಲ್ಲ ಮುಗಿಯಿತು. ಅವಳು ಮನಸ್ಸಿನಲ್ಲೇ ಕೈಮುಗಿದು ಕಥೆಯೊಳಕ್ಕೆ ಕಾಲಿಟ್ಟಳು.

"ದೀಪದವರೇ, ಹಿಂದಿನ ಪ್ರಯಾಣದಲ್ಲಿ ಒಬ್ಬರಿಗೆ ಒಂದು ಮಾತು ಅಂದುಬಿಟ್ಟೆ. ಈ ಹಡಗಿನ ಅಂಗಿ ತೊಡೋರ ಮುಖ ನೋಡೋಕೂ ಇಷ್ಟ ಇಲ್ಲ ಅಂತ. ಅವರು ಆಗಲೇ ಅಂಗಿ ತೊಟ್ಟಾಗಿತ್ತು, ನನಗೆ ಗೊತ್ತಿರಲಿಲ್ಲ. ಮಾತು ತಪ್ಪು. ಅವರು ಸುಮ್ಮನಾದ ಮೇಲೆ ನನ್ನ ಜೊತೆ ಜಗಳ ಆಡೋರು ಯಾರೂ ಇಲ್ಲ. ಬೇರೆಯವರು ಆಡ್ತಾರೆ. ಆದ್ರೆ ಅದು ಜಗಳ ಅನ್ಸಲ್ಲ."

ಸಾಲಿನಲ್ಲಿ ಹಿಂದಿದ್ದವರು ಚಪ್ಪಾಳೆ ತಟ್ಟಿದರು. ಎಷ್ಟು ಚೆನ್ನಾಗಿ ಪಾತ್ರ ಮಾಡುತ್ತಾಳೆ ಎಂದುಕೊಂಡರು. ಮೇಲ್ವಿಚಾರಕಿಯೂ ಮೆಚ್ಚಿ ತಲೆದೂಗಿದಳು. ದೀಪದವನು ಕೈಯ ದೀಪವನ್ನು ತಗ್ಗಿಸಿದ.

"ಸುಮ್ಮನಾದವರು ನಿಮ್ಮ ಒಂದು ಮಾತನ್ನೂ ಬಿಡದೆ ದಿನಾ ಓದ್ತಾ ಇದ್ದರು," ಎಂದ.

ಅದು ಒಂದು ವಾಕ್ಯ. ಇನ್ನೊಂದಕ್ಕೆ ಅವನಿಗೆ ಅಪ್ಪಣೆಯಿಲ್ಲ. ಅವನು ದೀಪವನ್ನು ಮೇಲೆತ್ತಿ, ಎಲ್ಲರಿಗೂ ಕೇಳುವಂತೆ ಸಾರಿದ: "ಊರಿನ ಜನರೇ! ಹಡಗಿನ ಹಿಂಬಾಗಿಲು, ಅಡುಗೆಮನೆಯ ಪಕ್ಕದ್ದು, ಐದೂವರೆಗೆ ತೆರೆಯುತ್ತದೆ. ದುಡಿದು ದಣಿದವರು ಅಲ್ಲಿಂದ ಮನೆಗೆ ಹೋಗುತ್ತಾರೆ!"

"ಇದು ಯಾವ ಪುಸ್ತಕದಲ್ಲಿ ಬರುತ್ತೆ?" ಎಂದು ಹಿಂದಿದ್ದ ಮುದುಕರೊಬ್ಬರು ಕೇಳಿದರು.

"ಹತ್ತನೆಯದರಲ್ಲಿ," ಎಂದಳು ಕಲ್ಲಮ್ಮ.

ಹಿಂಬಾಗಿಲ ಬಳಿ ಖಾಲಿ ಕ್ರೇಟುಗಳ ರಾಶಿ, ಒಂದು ನಲ್ಲಿ, ರಸ್ತೆಯಾಚೆ ಬಸ್ ನಿಲ್ದಾಣ. ಅಕ್ಕ ಕಾರಿನಲ್ಲಿ ಕುಳಿತು, ತಾನು ಯಾರನ್ನೂ ನೋಡುತ್ತಿಲ್ಲ ಎಂಬುದನ್ನು ಎಲ್ಲರಿಗೂ ಕಾಣುವಂತೆ ನಟಿಸುತ್ತಿದ್ದಳು. ಐದೂವರೆ ದಾಟಿ ಆರು ನಿಮಿಷಕ್ಕೆ ಅವನು ಬಂದ. ಸಾಧಾರಣ ಚೌಕುಳಿ ಅಂಗಿ, ಹೆಗಲಿಗೊಂದು ಚೀಲ, ಗಡ್ಡ ಕಿತ್ತ ಜಾಗವೆಲ್ಲ ಕೆಂಪು.

ಅವಳು ಹತ್ತಿರ ಬಂದು ಅವನ ಕೆನ್ನೆಯನ್ನೇ ನೋಡಿದಳು.

"ಯಾವ ಅಂಟು ಹಾಕ್ತಾರೆ?" ಎಂದಳು. "ಚರ್ಮ ಕಿತ್ತುಬಂದಿದೆ. ನಾನು ರಟ್ಟಿಗೂ ಇಷ್ಟು ಗಟ್ಟಿ ಅಂಟು ಹಾಕಲ್ಲ."

"ನೀವು ಕಂಪನಿಗೆ ಒಂದು ಪತ್ರ ಬರೀರಿ."

"ನೀವು?"

"ನೀನು," ಎಂದ ಅವನು, ನೆಲ ನೋಡುತ್ತ. "ಎದುರಿಗೆ ಕಷ್ಟ ಆಗುತ್ತೆ. ಅಭ್ಯಾಸ ಆಗ್ಬೇಕು."

"ಯಾಕೆ ಹೇಳಲಿಲ್ಲ?"

"ಇಲ್ಲಿನ ಕೆಲಸಕ್ಕೆ ಸಹಿ ಹಾಕಿ ಮನೆಗೆ ಬಂದೆ, ನಿನಗೇ ಮೊದಲು ಹೇಳೋಣ ಅಂತ ಫೋನ್ ತೆಗೆದೆ. ಮುಖ ನೋಡೋಕೂ ಇಷ್ಟ ಇಲ್ಲ ಅಂತ ನೀನು ಬರೆದಿದ್ದೆ. ನಟನೆಯ ಪರೀಕ್ಷೆಗೆ ಕರೆದಾಗ ನಾನು ಅವರ ಮುಂದೆ ಏನು ಹೇಳಿದೆ ಗೊತ್ತಾ? ದೀಪದವನು ಪ್ರಶ್ನೆ ಕೇಳಲ್ಲ ಅಂತ. ಅದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಈ ಕೆಲಸ ನಿನ್ನಿಂದಲೇ ಸಿಕ್ಕಿದ್ದು."

ಬಸ್ಸೊಂದು ಬಂದು ನಿಂತು, ಕಾದು, ಹೊರಟಿತು. ಇಬ್ಬರೂ ಅದನ್ನು ನೋಡಲಿಲ್ಲ.

"ನಾನು ಇವತ್ತು ಬಳಗಕ್ಕೆ ಬರೀಬೇಕು," ಎಂದಳು. "ಇಪ್ಪತ್ತೆರಡು ತಪ್ಪೂ ಬರೀತೀನಿ. ನಿನ್ನ ಮುಖ ನೋಡಿ ಬಿಡಲ್ಲ."

"ಬಿಟ್ಟರೆ ನಾನೇ ಬಂದು ಬರೀತೀನಿ."

"ಕೊನೆಗೆ ಮೂರು ವಾಕ್ಯ ಇದೆ. ಕೇಳು. 'ಅಲ್ಲಿ ಕೆಲಸ ಮಾಡುವವರು ಕಥೆಯನ್ನು ನಮ್ಮಷ್ಟೇ ಪ್ರೀತಿಸುತ್ತಾರೆ. ಕಳೆದ ವರ್ಷ ನಾನು ಆಡಿದ ಮಾತು ತಪ್ಪು. ಆದರೂ ಅಷ್ಟು ದುಡ್ಡು ತೆತ್ತು ಹೋಗಬೇಡಿ, ನಾನಂತೂ ಮತ್ತೆ ಹೋಗುವುದಿಲ್ಲ.'"

ಅವನು ಯೋಚಿಸಿದ. ಹಿಂದೆ ಬಳಗದಲ್ಲಿ ಉತ್ತರ ಬರೆಯುವ ಮುನ್ನ ಹೀಗೇ ಯೋಚಿಸುತ್ತಿದ್ದನೇನೋ. ಆ ಮುಖವನ್ನು ಅವಳು ಈಗ ಮೊದಲ ಸಲ ಕಾಣುತ್ತಿದ್ದಳು, ಬಿಡದೆ ನೋಡಿದಳು.

"ಮೊದಲೆರಡು ಸರಿ. ಮೂರನೇದಕ್ಕೆ ನನ್ನ ತಕರಾರಿದೆ."

"ದುಡ್ಡು ನೀನು ಕೊಡ್ತೀಯಾ?"

"ಒಳಗೆ ಬರೋದು ಬೇಡ, ನೀನು ಬರೆದಿದ್ದು ನಿಜ. ಆದರೆ ಗುರುವಾರ ನನಗೆ ರಜೆ. ನಾನೇ ಹೊರಗೆ ಬರ್ತೀನಿ. ಗ್ರಂಥಾಲಯ ಎಷ್ಟಕ್ಕೆ ಮುಚ್ಚುತ್ತೆ ಅನ್ನೋದೊಂದು ಹೇಳಿಬಿಡು."

"ಆರಕ್ಕೆ," ಎಂದಳು. "ನಾನು ಐದಕ್ಕೇ ಬಿಡಬಹುದು."

ಕಾರಿನ ಗಾಜು ಇಳಿಯಿತು. "ನಾನು ಹೊರಟೆ ಕಣೇ," ಎಂದು ಅಕ್ಕ ಕೂಗಿದಳು. "ನಿನ್ನ ಭಾವ ಕಾಯ್ತಿರ್ತಾರೆ. ನೀನು ಬಸ್ಸಲ್ಲಿ ಬಾ. ಏನಪ್ಪಾ ದೀಪದವನೇ, ಅವಳಿಗೆ ಕಿಟಕಿ ಪಕ್ಕ ಕೂರೋಕೆ ಬಿಡು, ಇಲ್ದಿದ್ರೆ ದಾರಿಯುದ್ದಕ್ಕೂ ತಪ್ಪು ಹುಡುಕ್ತಾಳೆ."

"ಸರಿ ಅಕ್ಕಾ," ಎಂದ ಅವನು, ಹುಟ್ಟಿದಾಗಿನಿಂದ ಕರೆಯುತ್ತಿದ್ದವನ ಹಾಗೆ.

ಕಾರು ಹೋಯಿತು. ಇಬ್ಬರೂ ರಸ್ತೆ ದಾಟಿ ನಿಲ್ದಾಣದ ಬೆಂಚಿನ ಮೇಲೆ, ನಡುವೆ ಚೀಲವಿಟ್ಟುಕೊಂಡು ಕುಳಿತರು. ಸ್ವಲ್ಪ ಹೊತ್ತಿಗೆ ಅವನು ಚೀಲವನ್ನೆತ್ತಿ ಆಚೆ ಪಕ್ಕಕ್ಕೆ ಇಟ್ಟ.