ಕಂಡಕ್ಟರ್ ಚೀಲಕ್ಕೆ ಹಿಡಿಯುವ ಟ್ಯಾಬ್

"ನಿಮ್ಮ ಯಜಮಾನರು ಹೇಳಿದ್ದು ಸರಿ ಉಂಟು ಮೇಡಂ. ಹತ್ತಿಂಚಿನ ಟ್ಯಾಬ್ ನಿಮ್ಮ ಚೀಲಕ್ಕೆ ಹಿಡಿಯೂದಿಲ್ಲ," ಎಂದರು ಕುಶಾಲನಗರದ ಮೊಬೈಲ್ ಅಂಗಡಿಯ ನಾಣಯ್ಯ.

ಆಶಾರಾಣಿ ತಲೆ ಎತ್ತಿದಳು. ಪಕ್ಕದಲ್ಲಿ ನಿಂತಿದ್ದ ತೀರ್ಥಪ್ರಸಾದ್ ಅವಳ ಯಜಮಾನನಲ್ಲ. ಅವಳು ಕಂಡಕ್ಟರ್ ಆಗಿರುವ ಶನಿವಾರಸಂತೆ ಬಸ್ಸಿನ ಡ್ರೈವರ್, ಮೂರು ವರ್ಷದಿಂದ ಅವಳ ಜೊತೆ. ಇಬ್ಬರೂ ಖಾಕಿಯಲ್ಲೇ ಇದ್ದರೂ ನಾಣಯ್ಯನವರಿಗೆ ಅದೇಕೋ ಹಾಗನ್ನಿಸಿಬಿಟ್ಟಿತ್ತು.

ಅವನೇ ಹೇಳಲಿ ಎಂದು ಅವಳು ಕಾದಳು. ಅವನು ಹೇಳಲಿಲ್ಲ. ಗಾಜಿನ ಕೌಂಟರ್ ಮೇಲಿದ್ದ ಒಂದು ಮೊಬೈಲ್ ಕವರ್ ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡತೊಡಗಿದ. ಕಿವಿಯ ತುದಿ ಮಾತ್ರ ಕೆಂಪಗಾಗಿತ್ತು.

"ಅಲ್ಲ" ಎನ್ನಲು ಅವಳಿಗೂ ಸುಸ್ತು. ಬೆಳಗಿನ ಜಾವ ನಾಲ್ಕಕ್ಕೆ ಎದ್ದವಳು. ಎರಡು ಟ್ರಿಪ್ ಮುಗಿಸಿ ನಿಂತಾಗ ಪಾದಗಳು ಚಪ್ಪಲಿಯ ಪಟ್ಟಿಯೊಳಗೆ ಊದಿಕೊಂಡಿದ್ದವು. ಇನ್ನೂ ಒಂದು ಟ್ರಿಪ್ ಬಾಕಿ ಇತ್ತು.

ಟ್ಯಾಬ್ ಬೇಕೆಂದು ಅವಳು ಯಾರಲ್ಲೂ ಹೇಳಿಕೊಂಡವಳಲ್ಲ. ಟಿಕೆಟ್ ಮೆಷಿನ್ನಿನ ರೋಲ್ ಮುಗಿಯುವಾಗ ಉಳಿಯುವ ಗೇಣುದ್ದದ ಕಾಗದದಲ್ಲಿ ಪ್ರಯಾಣಿಕರ ಮುಖ ಬಿಡಿಸುವುದು ಅವಳ ಅಭ್ಯಾಸ. ತೂಕಡಿಸುವ ಮೇಷ್ಟ್ರು, ಕೋಳಿಯನ್ನು ಮಡಿಲಲ್ಲಿ ಇಟ್ಟುಕೊಂಡ ಹೆಂಗಸು, ಕಿಟಕಿಗೆ ಹಣೆ ಒತ್ತಿದ ಕಾಲೇಜು ಹುಡುಗಿ. ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ ಡ್ರೈವರ್ ಸೀಟಿನ ಪಕ್ಕ ಇಟ್ಟಿದ್ದಳು. ಹೋದ ವಾರ ತೆರೆದು ನೋಡಿದರೆ ಶಾಖ ತಾಗಿದರೆ ಕಪ್ಪಾಗುವ ಆ ಟಿಕೆಟ್ ಕಾಗದ ಎಂಜಿನ್ ಬಿಸಿಗೆ ಅಷ್ಟೂ ಮಸಿ ಹಿಡಿದಂತಾಗಿತ್ತು. ಎರಡು ವರ್ಷದ ಮುಖಗಳು. ಅವಳು ಅಳಲೂ ಇಲ್ಲ; ಸುಮ್ಮನೆ ಡಬ್ಬಿಯನ್ನು ಡಿಪೋದ ಕಸದ ತೊಟ್ಟಿಗೆ ಸುರಿದಳು.

ಅದನ್ನು ನೋಡಿದ್ದವನು ತೀರ್ಥಪ್ರಸಾದ್ ಒಬ್ಬನೇ. ಮರುದಿನ ಬಂದು, "ಪೆನ್ನಲ್ಲಿ ಬಿಡಿಸುವ ಟ್ಯಾಬ್ ಉಂಟಂತೆ ಮೇಡಂ. ನಮ್ಮಂಥವರ ಕೈಗೆ ಎಟುಕುವಂಥದ್ದೂ ಉಂಟಂತೆ," ಎಂದಿದ್ದ.

ನಾಣಯ್ಯ ಮೊದಲನೆಯದನ್ನು ಮುಂದಿಟ್ಟರು. ಎಲ್ಲಕ್ಕಿಂತ ಅಗ್ಗದ್ದು. ಪೆನ್ನಿನ ತುದಿಯಲ್ಲಿ ರಬ್ಬರ್ ಗುಂಡು. ಆಶಾರಾಣಿ ಮೆಲ್ಲಗೆ ಎಳೆದಳು, ಒತ್ತಿ ಎಳೆದಳು. ಎರಡೂ ಗೆರೆ ಒಂದೇ ದಪ್ಪ. ಅಂಗೈ ತಾಗಿದಲ್ಲೆಲ್ಲ ಬೇಡದ ಚುಕ್ಕಿ ಬಿತ್ತು.

"ಇದು ಬೆರಳಿನ ಬದಲಿಗೆ ಅಷ್ಟೇ," ನಾಣಯ್ಯ ತಾವೇ ಒಪ್ಪಿಕೊಂಡರು. "ಚಿತ್ರಕ್ಕೆ ಆಗೂದಿಲ್ಲ. ಇದು ನೋಡಿ, ಹೋದ ವರ್ಷದ ಮಾಡೆಲ್. ಎಂಟಿಂಚು. ಪೆನ್ನು ಬಾಕ್ಸಲ್ಲೇ ಬರ್ತದೆ."

ಅವಳು ಅಂಗೈಯನ್ನು ಪರದೆಯ ಮೇಲೆ ಊರಿದಳು. ಚುಕ್ಕಿ ಬೀಳಲಿಲ್ಲ. ಹಗುರ ಎಳೆದರೆ ಕೂದಲೆಳೆ, ಒತ್ತಿದರೆ ಇದ್ದಿಲ ಗೆರೆ. ಕೈ ಯೋಚಿಸದೆ ಓಡತೊಡಗಿತು. ಒಂದು ಕತ್ತಿನ ಹಿಂಭಾಗ, ಸವೆದ ಕಾಲರ್, ಕಿವಿ, ಕನ್ನಡಿಯೊಳಗೆ ಒಂದು ಜೊತೆ ದಣಿದ ಕಣ್ಣು.

"ಅಯ್ಯೋ, ಇವರೇ ಅಲ್ವಾ ಇದು!" ನಾಣಯ್ಯ ನಕ್ಕರು.

ಅವಳು ಸರಕ್ಕನೆ ಕೈ ಹಿಂದೆಗೆದಳು. ತೀರ್ಥಪ್ರಸಾದ್ ಬಾಗಿ ನೋಡಿದ. ಎಷ್ಟೋ ಹೊತ್ತು ನೋಡಿದ.

"ಹಿಂದಿನಿಂದ ಇಷ್ಟು ಚೆಂದ ಇದ್ದೇನಾ ನಾನು?"

"ಮುಂದಿನಿಂದ ನೋಡೋಕೆ ಟೈಮ್ ಎಲ್ಲಿದೆ ಸಾರ್? ಟಿಕೆಟ್ ಹರಿಬೇಕಲ್ಲ."

"ಈಗ ಟಿಕೆಟ್ ಇಲ್ಲವಲ್ಲ. ನೋಡಿ."

ಅವಳು ನೋಡಲಿಲ್ಲ. ಪೆನ್ನನ್ನು ಬಾಕ್ಸಿಗೆ ಇಟ್ಟಳು. "ಇದೇ ಕೊಡಿ," ಎಂದಳು ನಾಣಯ್ಯನವರಿಗೆ.

ಬಸ್ ಸ್ಟ್ಯಾಂಡಿಗೆ ಬಂದಾಗ ಹೊರಡಲು ಇನ್ನೂ ಅರ್ಧ ಗಂಟೆಯಿತ್ತು. ಖಾಲಿ ಬಸ್ಸಿನ ಮೂರನೇ ಸೀಟಿನಲ್ಲಿ ಅವಳು ಕುಸಿದಂತೆ ಕೂತಳು. ಅವನು ತನ್ನ ಸೀಟಿಗೆ ಹೋಗದೆ, ಅವಳ ಎದುರಿನ ಕಂಬಿ ಹಿಡಿದು ನಿಂತ.

"ಮಡಿಕೇರಿ ಡಿಪೋಗೆ ವರ್ಗ ಕೇಳಿದ್ದೆ. ಆರ್ಡರ್ ಬಂದುಂಟು," ಎಂದ. "ಸೋಮವಾರದೊಳಗೆ ಹೇಳಬೇಕು, ಹೋಗ್ತೇನಾ ಇಲ್ವಾ ಅಂತ."

ಅವಳು ಟ್ಯಾಬಿನ ಬಾಕ್ಸನ್ನು ಚೀಲಕ್ಕೆ ತುರುಕಿದಳು. "ನಿಮ್ಮೂರಿಗೆ ಹತ್ತಿರ ಆಗುತ್ತೆ. ಹೋಗಿ ಸಾರ್."

"ಅಂಗಡಿಯಲ್ಲಿ ಅವರು ಹಾಗೆ ಹೇಳಿದಾಗ ನಾನು ಯಾಕೆ ಸುಮ್ಮನಿದ್ದೆ ಅಂತ ಕೇಳುದಿಲ್ವಾ ನೀವು?"

"ಕೇಳಲ್ಲ." ಅವಳ ದನಿ ತೀರಾ ಸಣ್ಣಗಾಯಿತು. "ನಾನು ಮದುವೆಯಾಗಿ ಎರಡೇ ವರ್ಷಕ್ಕೆ ತವರಿಗೆ ವಾಪಸ್ ಬಂದವಳು. ನಿಮಗೂ ಗೊತ್ತು. ನನಗೀಗ ನಿಂತರೆ ಸಾಕು ಅನ್ಸುತ್ತೆ, ಕೂತರೆ ಸಾಕು ಅನ್ಸುತ್ತೆ. ಒಬ್ಬರ ಇಷ್ಟಾನಿಷ್ಟ ತಿಳ್ಕೊಂಡು, ಕೋಪ ತಾಪ ಕಲಿತು, ಮತ್ತೆ ಮೊದಲಿಂದ ಶುರು ಮಾಡೋ ಶಕ್ತಿ ಇಲ್ಲ ಸಾರ್ ನನಗೆ."

ತೀರ್ಥಪ್ರಸಾದ್ ಕಂಬಿ ಹಿಡಿದೇ ಅವಳತ್ತ ತುಸು ಬಾಗಿದ. ಅವನ ಕಣ್ಣ ಕೆಳಗೂ ಕಪ್ಪಿತ್ತು. ಗಡ್ಡದಲ್ಲಿ ಅಲ್ಲಲ್ಲಿ ಬೆಳ್ಳಗಿತ್ತು. ಇಷ್ಟು ಹತ್ತಿರದಿಂದ ಅವಳು ನೋಡುತ್ತಿದ್ದುದು ಇದೇ ಮೊದಲು.

"ಮೊದಲಿಂದ ಎಂತಕ್ಕೆ?" ಎಂದ ಅವನು. "ಶುರುವಾಗಿ ಮೂರು ವರ್ಷ ಆಯ್ತಲ್ಲ. ನಿಮಗೆ ಹಸಿವಾದರೆ ಸಿಟ್ಟು ಬರ್ತದೆ, ಸಿಟ್ಟು ಬಂದರೆ ಸೀಟಿ ಎರಡು ಸಲ ಊದುತ್ತೀರಿ. ಚಳಿಗೆ ಎಡಮಂಡಿ ನೋಯ್ತದೆ. ನನಗೆ ಕಲೀಲಿಕ್ಕೆ ಬಾಕಿ ಏನಿಲ್ಲ."

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ, ಡಿಪೋದಲ್ಲಿ ಡಬ್ಬಿ ಸುರಿದಾಗಲೂ ಬಾರದ ಅಳು ಬಂತು. ಅವನು ಸಮಾಧಾನ ಮಾಡಲು ಹೋಗಲಿಲ್ಲ. ಮುಗಿಯುವವರೆಗೆ ನಿಂತಿದ್ದ.

ಕರ್ಚೀಫಿನಿಂದ ಮುಖ ಒರೆಸಿಕೊಂಡು ಅವಳು ಕಿಟಕಿಯತ್ತ ಸರಿದಳು. ಪಕ್ಕದ ಜಾಗ ಖಾಲಿಯಾಯಿತು.

"ಹೋಗ್ಬೇಡಿ ಮಡಿಕೇರಿಗೆ," ಎಂದಳು.

ಅವನು ಕೂತ. "ಹೋಗೂದಿಲ್ಲ," ಎಂದ. "ನೀವು ಮಲಗಿ. ಇನ್ನೂ ಇಪ್ಪತ್ತು ನಿಮಿಷ ಉಂಟು, ನಾನು ಎಬ್ಬಿಸ್ತೇನೆ."

ಅವಳ ತಲೆ ಮೊದಲು ಕಿಟಕಿಗೆ, ಆಮೇಲೆ ತಾನಾಗಿಯೇ ಅವನ ಭುಜಕ್ಕೆ ವಾಲಿತು. ಎರಡು ನಿಮಿಷಕ್ಕೆ ಉಸಿರು ನಿಧಾನವಾಯಿತು.

ಬುಟ್ಟಿ ಹೊತ್ತ ಅಜ್ಜಿಯೊಬ್ಬರು ಹಿಂಬಾಗಿಲಿನಿಂದ ಹತ್ತಿ, "ಏನಪ್ಪಾ, ಇದು ಶನಿವಾರಸಂತೆಗೆ ಹೋಗ್ತದಾ?" ಎಂದು ಕೂಗಿ ಕೇಳಿದರು.

"ಹೋಗ್ತದೆ ಅಜ್ಜಿ," ಎಂದ ತೀರ್ಥಪ್ರಸಾದ್, ಭುಜ ಅಲುಗಿಸದೆ. "ಕೂತ್ಕೊಳ್ಳಿ. ಸ್ವಲ್ಪ ಮೆಲ್ಲಗೆ."